ಪಟ್ಟಿ ಹೊಡೆಯುವ ಹೊತ್ತಿಗೇ ಬೀಳುತ್ತಿದ್ದ ಸರ್ವರ್

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಜುಲೈ ಸುಗ್ಗಿಯಲ್ಲಿ ಅಲ್ಲಿನ ಸರ್ವರ್ ದಿನಾ ಬೀಳತೊಡಗಿತು, ಅಂದರೆ ತಾನಾಗೇ ನಿಂತು ಮತ್ತೆ ಶುರುವಾಗುತ್ತಿತ್ತು. ಅದೂ ಹರಾಜು ಮುಗಿದು, ನಾಲ್ಕು ಕೌಂಟರ್‌ನಲ್ಲೂ ಒಟ್ಟಿಗೇ ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಹೊಡೆಯುವಾಗ. ರಾತ್ರಿಯೆಲ್ಲ ಸುಮ್ನೆ ಓಡುತ್ತಿತ್ತು, ಏನೂ ಆಗುತ್ತಿರಲಿಲ್ಲ.

"ಏನಪ್ಪಾ, ರೈತರು ಪಟ್ಟಿಗೆ ಕಾಯ್ತಾ ನಿಂತವ್ರೆ" ಎಂದು ಯಜಮಾನರು ಫೋನ್ ಮಾಡಿದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಮುಳಬಾಗಿಲು, ಚಿಂತಾಮಣಿ ಕಡೆಯಿಂದ ನಸುಕಿನಲ್ಲೇ ಬಾಕ್ಸ್ ತುಂಬಿಕೊಂಡು ಬಂದವರು ಅವರು. ಪಟ್ಟಿ ಸಿಗದೆ ಊರಿಗೆ ಹೊರಡೋದು ಹೇಗೆ?

ಮೊದಲು ಲಿನಕ್ಸ್ ಲಾಗ್ ತೆಗೆದೆ, ಆಪರೇಟಿಂಗ್ ಸಿಸ್ಟಮ್ ನಡೆದದ್ದನ್ನೆಲ್ಲ ಬರೆದಿಡುವ ಕಡತ ಅದು. ಕೊನೆಯ ಸಾಲು ಮಾಮೂಲಿ ಪ್ರಿಂಟ್‌ನದ್ದು. ಎರರ್ ಇಲ್ಲ, ಪ್ಯಾನಿಕ್ (ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಕೈಚೆಲ್ಲಿ ನಿಲ್ಲುವುದು) ಇಲ್ಲ. ಪ್ಯಾನಿಕ್ ಆದರೂ ಕೆಲವೊಮ್ಮೆ ಅದನ್ನು ಡಿಸ್ಕ್‌ಗೆ ಬರೆಯಲು ಆಗುವುದಿಲ್ಲ. ಅದಕ್ಕೆ ನೆಟ್‌ಕನ್ಸೋಲ್ ಹಾಕಿ, ಕರ್ನಲ್‌ನ ಸಂದೇಶಗಳು ಪಕ್ಕದ ಕಂಪ್ಯೂಟರ್‌ಗೆ ಹೋಗುವಂತೆ ಮಾಡಿದೆ. ಮರುದಿನ ಮತ್ತೆ ಬಿತ್ತು. ಅಲ್ಲೂ ಒಂದಕ್ಷರ ಇಲ್ಲ.

ನನಗೆ ಅಲ್ಲೇ ಹೊಳೆಯಬೇಕಿತ್ತು. ರ್‍ಯಾಮ್ ಕೆಟ್ಟಿದ್ದರೆ ಒಮ್ಮೆ ಡೇಟಾಬೇಸ್, ಇನ್ನೊಮ್ಮೆ ಕರ್ನಲ್ ಅಂತ ಬೇರೆ ಬೇರೆ ಕಡೆ ಎಡವುತ್ತದೆ, ಸಾಮಾನ್ಯವಾಗಿ ಏನಾದರೂ ಗುರುತು ಬಿಡುತ್ತದೆ. ಏನೂ ಹೇಳದೆ ಒಮ್ಮೆಲೇ ರೀಸೆಟ್ ಆದರೆ ಕರೆಂಟ್ ಕಡೆ ನೋಡಬೇಕು. ಆದರೂ ಎರಡು ರಾತ್ರಿ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ತಂತ್ರಾಂಶ) ಓಡಿಸಿದೆ. ಒಂದೂ ತಪ್ಪು ಸಿಗಲಿಲ್ಲ. ಯುಪಿಎಸ್ ಬದಲಾಯಿಸಿದೆ, ಅದೇ ಕಥೆ.

ಆಮೇಲೆ ಯೋಚಿಸಿದೆ: ಬೀಳೋದು ಕೆಲಸ ಜಾಸ್ತಿ ಇದ್ದಾಗ ಅಲ್ವಾ, ಹಾಗಾದರೆ ಅದೇ ಭಾರ ಹಾಕಿ ನೋಡಬೇಕು. ಸಂಜೆ ಮಂಡಿ ಖಾಲಿಯಾದ ಮೇಲೆ ಬ್ಯಾಕಪ್ ತೆಗೆದಿಟ್ಟು, ಮಲ್ಟಿಮೀಟರ್ ಹಿಡಿದು ಕೂತೆ. ಪವರ್ ಸಪ್ಲೈಯಿಂದ (ಕರೆಂಟನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ) ಬರುವ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ 12 ವೋಲ್ಟಿನ ಹಳದಿ ವೈರ್‌ಗೆ ಕೆಂಪು ಪ್ರೋಬ್, ಕಪ್ಪು ವೈರ್‌ಗೆ ಕಪ್ಪು ಪ್ರೋಬ್. ಸುಮ್ಮನಿದ್ದಾಗ 12.05 ವೋಲ್ಟ್. ಚೆನ್ನಾಗಿಯೇ ಇತ್ತು. ಕನಿಷ್ಠ ಅಂಕಿಯನ್ನು ಹಿಡಿದಿಡುವ ಮೀಟರ್‌ನ ಮಿನ್ ಬಟನ್ ಒತ್ತಿ, ಸಿಪಿಯು ಮತ್ತು ಡಿಸ್ಕ್ ಎರಡಕ್ಕೂ ಒಟ್ಟಿಗೆ ಕೆಲಸ ಕೊಟ್ಟೆ. 11.7 ಆಯಿತು, 11.5 ಆಯಿತು. ಹತ್ತು ನಿಮಿಷವೂ ಆಗಿಲ್ಲ, ಫ್ಯಾನ್ ಒಮ್ಮೆ ನಿಂತು ಮತ್ತೆ ತಿರುಗಿತು. ಮೀಟರ್‌ನಲ್ಲಿ ಉಳಿದಿದ್ದ ಕನಿಷ್ಠ ಅಂಕಿ 11.2. ಇಂಥ ಹಳೆಯ ಪವರ್ ಸಪ್ಲೈಗಳಿಗೆ ಎಟಿಎಕ್ಸ್ ಮಾನದಂಡದ ಲೆಕ್ಕದಲ್ಲಿ 12 ವೋಲ್ಟ್‌ಗೆ ಶೇ. 5ರಷ್ಟು ಮಾತ್ರ ಏರುಪೇರು ನಡೆಯುತ್ತದೆ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬೋರ್ಡ್ ರೀಸೆಟ್ ಆಗಿಬಿಡಬಹುದು. ಲಾಗ್ ಬರೆಯಲು ಅದಕ್ಕೆ ಹೊತ್ತೇ ಸಿಗುತ್ತಿರಲಿಲ್ಲ.

ಪವರ್ ಸಪ್ಲೈ ಜಾಲರಿಯೊಳಗೆ ಟಾರ್ಚ್ ಬಿಟ್ಟೆ. ಲಾರಿ ಧೂಳು ಗಟ್ಟಿಯಾಗಿ ಕೂತಿತ್ತು, ಒಂದು ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ವೋಲ್ಟೇಜ್ ಸಮವಾಗಿಡುವ ಭಾಗ) ತಲೆ ಉಬ್ಬಿತ್ತು. ಧೂಳು ಗಾಳಿಯನ್ನು ತಡೆದರೆ ಬಿಸಿ ಏರುತ್ತದೆ, ಬಿಸಿಗೆ ಕೆಪಾಸಿಟರ್ ಬೇಗ ಹಾಳಾಗುತ್ತದೆ. ಪವರ್ ಸಪ್ಲೈ ಬಿಚ್ಚಲು ಹೋಗಲಿಲ್ಲ. ಪ್ಲಗ್ ತೆಗೆದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು, ದಯವಿಟ್ಟು ಯಾರೂ ಬಿಚ್ಚಬೇಡಿ.

ಹೊಸ ಪವರ್ ಸಪ್ಲೈ ಹಾಕಿದೆ, ಬೇರೇನೂ ಮುಟ್ಟಲಿಲ್ಲ. ಅದೇ ಭಾರ ಎರಡು ಗಂಟೆ ಹಾಕಿದರೂ 11.9ರ ಕೆಳಗೆ ಬರಲಿಲ್ಲ. ನೆಲದ ಮೇಲಿದ್ದ ಸರ್ವರನ್ನು ಬಾಗಿಲಿನಿಂದ ದೂರ, ಮೇಲಿನ ಶೆಲ್ಫ್‌ಗೆ ಏರಿಸಿದೆ. ಮರುದಿನ ಕೊನೆಯ ಪಟ್ಟಿ ಹೊರಬರುವವರೆಗೂ ಕೌಂಟರ್ ಪಕ್ಕದಲ್ಲೇ ನಿಂತಿದ್ದೆ.