ಪಿಂಚಣಿ ವಯಸ್ಸು 60 ಆದರೆ ನಿಮಗೆಷ್ಟು ಖೋತಾ? ಪಾಸ್‌ಬುಕ್ ಹಿಡಿದು ಲೆಕ್ಕ ಹಾಕಿ

‘ಜನ ಹೆಚ್ಚು ವರ್ಷ ಬದುಕುತ್ತಾರೆ, ನಿಧಿ ಸಾಲದು, ಪಿಂಚಣಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿ’ ಎನ್ನುವುದು ಒಂದು ವಾದ. ‘ಕನಿಷ್ಠ ಪಿಂಚಣಿ 1,000 ಯಾವುದಕ್ಕೂ ಸಾಲದು, 7,500 ಮಾಡಿ, ತುಟ್ಟಿಭತ್ಯೆ ಸೇರಿಸಿ’ ಎನ್ನುವುದು ಪಿಂಚಣಿದಾರರ ಸಂಘಟನೆಗಳ ಬೇಡಿಕೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ, ಗದಗಿನ ಮುದ್ರಣಾಲಯಗಳಲ್ಲಿ, ರಾಣೆಬೆನ್ನೂರಿನ ಬೀಜ ಕಂಪನಿಗಳಲ್ಲಿ ಪಿಎಫ್ ಕಟ್ಟುತ್ತ ದುಡಿಯುವವರಿಗೆ ಅನ್ವಯಿಸುವುದು 1995ರ ಇಪಿಎಸ್, ಅಂದರೆ ನೌಕರರ ಪಿಂಚಣಿ ಯೋಜನೆ. ಈ ಜಗಳದಲ್ಲಿ ಯಾರ ಮಾತು ನಿಮ್ಮ ಜೇಬಿಗೆ ಹತ್ತಿರ ಎಂಬುದು ನಿಮ್ಮ ಪಾಸ್‌ಬುಕ್ಕಿನಲ್ಲೇ ಇದೆ.

ಮೊದಲು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ‘ಪಿಂಚಣಿ ವಂತಿಗೆ’ ಕಾಲಂ ನೋಡಿ. ಮಾಲೀಕರು ಕಟ್ಟುವ ಪಾಲಿನಲ್ಲಿ ಪಗಾರದ ಶೇ 8.33 ಇಲ್ಲಿಗೆ ಬರುತ್ತದೆ, ಆದರೆ ಪಗಾರಕ್ಕೆ ಮಿತಿಯಿದೆ. 2001ರ ಜೂನ್‌ನಿಂದ ಆ ಮಿತಿ 6,500, ಹಾಗಾಗಿ ತಿಂಗಳಿಗೆ 541 ರೂಪಾಯಿ. 2014ರ ಸೆಪ್ಟೆಂಬರ್‌ನಿಂದ ಮಿತಿ 15,000, ವಂತಿಗೆ 1,250. ಹಳೆಯ ವಾರ್ಷಿಕ ಚೀಟಿ ಉಳಿದಿದ್ದರೆ 541 ಇದ್ದದ್ದು 1,250ಕ್ಕೆ ಜಿಗಿದ ಜಾಗ ಹುಡುಕಿ. ನಿಮ್ಮ ಪಿಂಚಣಿ ಅಲ್ಲಿ ಎರಡು ತುಂಡಾಗುತ್ತದೆ.

ಸೂತ್ರ ಸರಳ: ಪಿಂಚಣಿ ಪಗಾರ (ಮಿತಿಯೊಳಗಿನ ಸರಾಸರಿ ಪಗಾರ) × ಸೇವಾ ವರ್ಷ ÷ 70. ಎಡವುವುದು ಇಲ್ಲಿಯೇ. 2000ದ ಸೆಪ್ಟೆಂಬರ್ 1ರಂದು ಸೇರಿ, 2025ರ ಆಗಸ್ಟ್ 31ಕ್ಕೆ 58 ತುಂಬಿದ, ಮಿತಿ ಮೀರಿದ ಪಗಾರದ ಕಾರ್ಮಿಕ ಎಂದುಕೊಳ್ಳಿ. ಸೇವೆ 25 ವರ್ಷ, 20 ದಾಟಿದ್ದಕ್ಕೆ 2 ವರ್ಷ ಬೋನಸ್. 15,000 × 27 ÷ 70 ಎಂದು ಗುಣಿಸಿ 5,786 ಸಿಗುತ್ತದೆಂದು ಕಾಯುತ್ತಾರೆ. ನಿಜವಾದ ಲೆಕ್ಕ ಬೇರೆ. 2014ರ ಆಗಸ್ಟ್‌ವರೆಗಿನ 14 ವರ್ಷಕ್ಕೆ 6,500ರ ಮೇಲೆ 1,300 ರೂಪಾಯಿ, ನಂತರದ 11 ವರ್ಷಕ್ಕೆ 15,000ದ ಮೇಲೆ 2,357. ಒಟ್ಟು 3,657. ಎರಡು ಬೋನಸ್ ವರ್ಷಕ್ಕೆ 6,500ರ ಮೇಲೆ ಲೆಕ್ಕ ಹಾಕಿದರೆ 186, 15,000ದ ಮೇಲೆ ಹಾಕಿದರೆ 429.

ಈಗ ಚರ್ಚೆಗೆ ಬನ್ನಿ. ಇದೇ ಕಾರ್ಮಿಕನಿಗೆ ಪಿಂಚಣಿ ವಯಸ್ಸು 60 ಎಂದು ಕಡ್ಡಾಯವಾದರೆ? ಸುಮಾರು 3,843 (3,657 + 186) ರೂಪಾಯಿಯಂತೆ 24 ತಿಂಗಳು, ಅಂದರೆ 92,232 ಕೈತಪ್ಪುತ್ತದೆ. ಎರಡು ವರ್ಷದ ಹೆಚ್ಚುವರಿ ಸೇವೆಗೆ ತಿಂಗಳಿಗೆ ಸಿಗುವುದು 429. ಕಳಕೊಂಡದ್ದು ತುಂಬಲು 215 ತಿಂಗಳು ಬೇಕು, ಅಷ್ಟರಲ್ಲಿ ವಯಸ್ಸು 78 ಸಮೀಪ. ಈಗಲೂ ಇಷ್ಟವಿದ್ದವರು 60ರವರೆಗೆ ಮುಂದೂಡಬಹುದು, ಆದರೆ ಅದಕ್ಕೆ ವರ್ಷಕ್ಕೆ ಶೇ 4 ಹೆಚ್ಚುವರಿ ಕೊಡುತ್ತಾರೆ. ಕಡ್ಡಾಯವಾದರೆ ಆ ಶೇ 4 ಉಳಿಯುತ್ತದೆಯೇ ಎಂಬುದೇ ವೋಟು ಕೇಳಲು ಬಂದವರಿಗೆ ಕೇಳಬೇಕಾದ ಪ್ರಶ್ನೆ. ಇನ್ನು 58ಕ್ಕೂ ಮೊದಲೇ, 50ರ ನಂತರ ತೆಗೆದುಕೊಂಡರೆ ವರ್ಷಕ್ಕೆ ಶೇ 4 ಕಡಿತ, ಅದು ಸಾಯುವತನಕ.

ಖೋತಾ ಎಂದು ಹೆಸರಿಟ್ಟುಕೊಂಡು ಖೋತಾ ಬರುವುದು ಅಪರೂಪ. 2008ರಲ್ಲಿ ಪಿಂಚಣಿಯ ಒಂದು ಭಾಗ ಮುಂಗಡ ಪಡೆಯುವ ಕಮ್ಯುಟೇಶನ್ ನಿಂತಿತು. 2014ರಲ್ಲಿ ಕೊನೆಯ 12 ತಿಂಗಳ ಸರಾಸರಿ ಪಗಾರದ ಬದಲು 60 ತಿಂಗಳ ಸರಾಸರಿ ಬಂತು. ಪಗಾರ 11,000ದಿಂದ ವರ್ಷಕ್ಕೆ 500ರಂತೆ ಏರಿ 13,000 ಮುಟ್ಟಿದವರಿಗೆ ಸರಾಸರಿ 12,000. 2014ರ ನಂತರದ 11 ವರ್ಷಕ್ಕೆ ತಿಂಗಳಿಗೆ 157 ರೂಪಾಯಿ ನಷ್ಟ. ಎಲ್ಲಕ್ಕಿಂತ ದೊಡ್ಡದು, ಈ ಪಿಂಚಣಿಗೆ ತುಟ್ಟಿಭತ್ಯೆಯೇ ಇಲ್ಲ.

2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರದ್ದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). ಅಲ್ಲಿ ಈ ಸೂತ್ರ ನಡೆಯುವುದಿಲ್ಲ. ಹಳೆ ಪಿಂಚಣಿ ವಾಪಸ್ ಬೇಕೆಂಬ ಅವರ ಹೋರಾಟದ ಲೆಕ್ಕವೇ ಬೇರೆ.

ನಮ್ಮ ಕಡೆ ಅರ್ಜಿ ಸಿಕ್ಕಿಬೀಳುವುದು ಸಣ್ಣ ವಿಷಯಕ್ಕೆ. ಆಧಾರ್‌ನಲ್ಲಿ ಅಡ್ಡಹೆಸರು ಪೂರ್ತಿ ಇರುತ್ತದೆ, ಪಿಎಫ್ ದಾಖಲೆಯಲ್ಲಿ ಇನಿಷಿಯಲ್ ಮಾತ್ರ. ಶಾಲೆಗೆ ಹಾಕುವಾಗ ಮಾಸ್ತರು ಬರೆದ ಜೂನ್ 1 ಒಂದರಲ್ಲಿ, ಮನೆಯವರು ಹೇಳಿದ ತಾರೀಖು ಇನ್ನೊಂದರಲ್ಲಿ. ಹಳೆ ಕೆಲಸ ಬಿಟ್ಟ ದಿನಾಂಕ ಖಾಲಿ. ಇವನ್ನು 57ರಲ್ಲೇ, ಮಾಲೀಕರ ಸಹಿಯ ಜಂಟಿ ಘೋಷಣೆಯಿಂದ ಸರಿಪಡಿಸಿ. ಕಾರ್ಖಾನೆ ಮುಚ್ಚಿದ ಮೇಲೆ ಸಹಿಗೆ ಅಲೆದಾಟ ತಪ್ಪಿದ್ದಲ್ಲ. ಕೆಲಸ ಬದಲಿಸುವಾಗ 10ಸಿ ಫಾರ್ಮ್ ಹಾಕಿ ಪಿಂಚಣಿ ಹಣ ತೆಗೆದರೆ ಆ ವರ್ಷಗಳ ಸೇವೆ ಹೋಯಿತು. ಅದೇ ಫಾರ್ಮ್‌ನಲ್ಲಿ, ಹಣದ ಬದಲು ಆ ಸೇವೆಯನ್ನು ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿ ಇಲ್ಲ.

58 ತುಂಬಿದ ಮೇಲೆ ಹಾಕುವುದು 10ಡಿ ಫಾರ್ಮ್. ತಕರಾರಿದ್ದರೆ ಗದಗ, ಹಾವೇರಿಯವರು ಪ್ರತಿ ಸಲ ಹುಬ್ಬಳ್ಳಿಯ ನವನಗರದ ಪಿಎಫ್ ಕಚೇರಿಗೆ ಬರಬೇಕಿಲ್ಲ: ‘ನಿಧಿ ಆಪ್ಕೆ ನಿಕಟ್’ ಶಿಬಿರ ಪ್ರತಿ ತಿಂಗಳ 27ರಂದು ಜಿಲ್ಲೆಯಲ್ಲೇ ನಡೆಯುತ್ತದೆ. 27 ರಜೆಯಿದ್ದರೆ ಮುಂದಿನ ಕೆಲಸದ ದಿನ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸೇವಾ ಇತಿಹಾಸದ ಮುದ್ರಿತ ಪ್ರತಿ, ಜೊತೆಗೆ ಮೇಲಿನಂತೆ ನೀವೇ ಬರೆದ ಲೆಕ್ಕದ ಚೀಟಿ ಒಯ್ಯಿರಿ.