ಹಿತ್ತಲಿನ ಪೀಚ್ ಮರಕ್ಕೆ ಕತ್ತರಿ ಹಾಕಲು ಹೆದರಬೇಡಿ

ಮೂರನೇ ವರ್ಷದ ಜುಲೈ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಪೀಚ್ ಮರದ ದೊಡ್ಡ ಕೊಂಬೆಯೊಂದು ಹಣ್ಣಿನ ಭಾರಕ್ಕೆ ಸೀಳಿ ಬಿದ್ದಿತ್ತು. ಜೊತೆಗೆ ಕಾಂಡದ ತೊಗಟೆಯೂ ಒಂದು ಮೊಳ ಉದ್ದ ಕಿತ್ತು ಬಂದಿತ್ತು. ಕಾಯಿ ಕೀಳಲು ಮನಸ್ಸಾಗದೆ ಎಲ್ಲವನ್ನೂ ಮರದಲ್ಲೇ ಬಿಟ್ಟಿದ್ದೆ. ನಾನು ಹುಟ್ಟಿ ಬೆಳೆದಿದ್ದು ಸಾಗರದ ಕಡೆ, ಅಡಿಕೆ ತೋಟದ ಮನೆಯಲ್ಲಿ. ಬಿಟ್ಟ ಕಾಯನ್ನು ಕೈಯಾರೆ ಕಿತ್ತು ಎಸೆಯುವುದು ಸುಲಭ ಅಲ್ಲ. ಆದರೆ ಪೀಚ್‌ಗೆ ಬೇಕಾದದ್ದೇ ಅದು.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಈಗ ಕಂಪ್ಯೂಟರ್ ಕಂಪನಿಗಳಿರುವ ಈ ಕಣಿವೆಯಲ್ಲಿ ಮೊದಲು ಏಪ್ರಿಕಾಟ್, ಪ್ರೂನ್ ತೋಟಗಳಿದ್ದವು. ಹಣ್ಣಿಗೆ ಒಗ್ಗುವ ನೆಲವೇ. ಆದರೂ ತಳಿ ನೋಡಿ ತನ್ನಿ. ಪೀಚ್‌ಗೆ ಚಳಿಗಾಲದ ನಿದ್ದೆ ಬೇಕು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಎಷ್ಟು ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ರೆಡ್‌ಹೇವನ್‌ಗೆ 800 ಗಂಟೆಗೂ ಜಾಸ್ತಿ ಬೇಕು, ಬಾಬ್‌ಕಾಕ್‌ಗೆ 300 ಸಾಕು. ನಮ್ಮದು ಬಾಬ್‌ಕಾಕ್. ತಿರುಳು ಬೆಳ್ಳಗೆ, ಹುಳಿ ಕಡಿಮೆ. ಒಂದೇ ಮರ ಇದ್ದರೂ ಕಾಯಿ ಕಟ್ಟುತ್ತದೆ.

ಜನವರಿಯಲ್ಲಿ ನರ್ಸರಿಗೆ ಮಣ್ಣಿಲ್ಲದ, ಬರೀ ಬೇರಿನ ಗಿಡಗಳು ಬರುತ್ತವೆ. ಕುಂಡದ ಗಿಡಕ್ಕಿಂತ ಅಗ್ಗ, ಬೇಗ ಹಿಡಿಯುತ್ತವೆ. ನಮ್ಮದು ಜೇಡಿಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಒಂದಡಿ ಎತ್ತರ ಮಣ್ಣು ಏರಿಸಿ ಅದರ ಮೇಲೆ ನೆಟ್ಟೆ. ಕಸಿ ಮಾಡಿದ ಗಂಟು ಮಣ್ಣಿನಿಂದ ಮೇಲೆ ಇರಲಿ. ಗುಂಡಿಗೆ ಗೊಬ್ಬರ ಹಾಕಬೇಡಿ. ಮೇಲೆ ದರಗು ಹರಡಿದರೆ ಸಾಕು, ಅದೂ ಬುಡಕ್ಕೆ ತಾಗದಂತೆ.

ನೆಟ್ಟ ದಿನವೇ ಗಿಡವನ್ನು ಎರಡೂವರೆ ಅಡಿಗೆ ಕತ್ತರಿಸಿ. ಆಳೆತ್ತರದ ಗಿಡ ತಂದು ಹೀಗೆ ಮಾಡಲು ಹೊಟ್ಟೆ ಉರಿಯುತ್ತದೆ, ನನಗೂ ಉರಿದಿತ್ತು. ಆದರೆ ಕೆಳಗಿನಿಂದ ಕವಲೊಡೆದರೆ ಮಾತ್ರ ಮುಂದೆ ಏಣಿ ಇಲ್ಲದೆ ಹಣ್ಣು ಕೈಗೆ ಸಿಗುತ್ತದೆ. ಮೂರು ನಾಲ್ಕು ಕವಲು ಉಳಿಸಿಕೊಂಡು ನಡುವೆ ಖಾಲಿ ಬಿಡಿ. ಮರ ಬಟ್ಟಲಿನ ಹಾಗೆ ಬಾಯಿ ಬಿಟ್ಟುಕೊಂಡಿರಬೇಕು, ಒಳಗೆಲ್ಲ ಬಿಸಿಲು ಬೀಳಬೇಕು.

ಆಮೇಲೆ ಪ್ರತಿ ವರ್ಷ ಹೂ ಬಿಡುವ ಮೊದಲು ಸವರಬೇಕು. ಪೀಚ್ ಕಾಯಿ ಬಿಡುವುದು ಹೋದ ವರ್ಷ ಬೆಳೆದ ರೆಂಬೆಯಲ್ಲಿ ಮಾತ್ರ. ಹತ್ತಿರ ಹೋಗಿ ನೋಡಿ, ಆ ರೆಂಬೆ ಕೆಂಪಗಿರುತ್ತದೆ. ಎಷ್ಟೋ ಕಡೆ ಮೂರು ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ. ಅಕ್ಕಪಕ್ಕದ ಎರಡು ದುಂಡಗಿದ್ದರೆ ಅವು ಹೂವಿನವು, ನಡುವಿನ ಚೂಪಾದದ್ದು ಎಲೆಯದು. ಬೂದು ಬಣ್ಣಕ್ಕೆ ತಿರುಗಿದ ಹಳೆ ರೆಂಬೆ ತೆಗೆಯಿರಿ, ಕೆಂಪನ್ನು ಉಳಿಸಿ. ಉಳಿಸಿದ್ದರಲ್ಲೂ ದಟ್ಟವಾಗಿರುವ ಕಡೆ ಬಿಡಿಸಿ. ಒಟ್ಟು ಹೆಚ್ಚುಕಡಿಮೆ ಅರ್ಧ ಮರ ನೆಲಕ್ಕೆ ಬಿದ್ದಿದ್ದರೆ ಕೆಲಸ ಸರಿಯಾಗಿದೆ ಅಂತ.

ಇಲ್ಲಿ ಕಾಡುವ ರೋಗ ಎಲೆ ಮುರುಟು. ಚಿಗುರೆಲೆ ದಪ್ಪವಾಗಿ, ಕೆಂಪು ಗುಳ್ಳೆ ಎದ್ದು ಮುರುಟಿಕೊಳ್ಳುತ್ತದೆ. ಅದು ಕಂಡ ಮೇಲೆ ಔಷಧಿ ಹೊಡೆದು ಪ್ರಯೋಜನ ಇಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಮಳೆಗಾಲ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುತ್ತೇವಲ್ವಾ, ಇಲ್ಲೂ ತಾಮ್ರದ ಔಷಧಿಯೇ, ಮೊದಲೇ ಹೊಡೆಯಬೇಕು. ಎಲೆ ಪೂರ್ತಿ ಉದುರಿದ ಮೇಲೆ ಒಮ್ಮೆ, ಮೊಗ್ಗು ಉಬ್ಬುವ ಮುಂಚೆ ಇನ್ನೊಮ್ಮೆ. ಡಬ್ಬಿಯ ಮೇಲಿನ ಅಳತೆ ಮೀರಬೇಡಿ.

ಏಪ್ರಿಲ್ ಹೊತ್ತಿಗೆ ಕಾಯಿ ಗೋಲಿ ಗಾತ್ರಕ್ಕೆ ಬಂದಿರುತ್ತದೆ, ಮೈಮೇಲೆ ಬೆಳ್ಳಗೆ ನವಿರು. ಆಗ 6ರಿಂದ 8 ಇಂಚಿಗೆ ಒಂದು ಉಳಿಸಿ ಮಿಕ್ಕಿದ್ದನ್ನು ಕೀಳಬೇಕು. ಒಳಗಿನ ಓಟೆ ಗಟ್ಟಿಯಾಗುವ ಮೊದಲೇ ಮಾಡಿದರೆ ಉಳಿದ ಕಾಯಿ ದಪ್ಪವಾಗುತ್ತದೆ. ಊರಿಂದ ಬಂದಿದ್ದ ಅಮ್ಮ ಮೊದಲ ದಿನ ಬುಟ್ಟಿ ನೋಡಿ "ಇಷ್ಟೂ ಹಣ್ಣಾಗ್ತಿತ್ತಲ್ಲೇ" ಎಂದು ನೊಂದುಕೊಂಡರು. ಸೀಳಿದ ಕೊಂಬೆಯ ಗಾಯ ತೋರಿಸಿದೆ. ಸ್ವಲ್ಪ ಹೊತ್ತು ಅದರ ಮೇಲೆ ಕೈಯಾಡಿಸಿದರು. ಆಮೇಲೆ ಅವರೇ ಕೆಳಗಿನ ರೆಂಬೆ ಹಿಡಿದು ಗೇಣು ಹಾಕಿ ಅಳೆಯುತ್ತಾ, ಜೋಡಿ ಕಾಯಲ್ಲಿ ಚಿಕ್ಕದನ್ನು ತಿರುವಿ ತಿರುವಿ ತೆಗೆದರು.

ಬೇಸಿಗೆಯಲ್ಲಿ ದಿನಾ ಚಿಮುಕಿಸುವ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಬಿಡಿ. ಕೊಳೆತು ಒಣಗಿ ಅಂಟಿಕೊಂಡ ಹಣ್ಣುಗಳನ್ನು ತೆಗೆದು ಕಸಕ್ಕೆ ಹಾಕಿ, ಬಿಟ್ಟರೆ ಮುಂದಿನ ವರ್ಷದ ಕೊಳೆ ಅಲ್ಲಿಂದಲೇ ಶುರು.

ಹಣ್ಣು ಕೀಳುವಾಗ ಕೆಂಪು ಬಣ್ಣ ನಂಬಬೇಡಿ, ಬಿಸಿಲು ಬಿದ್ದ ಕಡೆ ಕಾಯಿಯೂ ಕೆಂಪಾಗುತ್ತದೆ. ತೊಟ್ಟಿನ ಹತ್ತಿರ ಹಸಿರು ಪೂರ್ತಿ ಹೋಗಿರಬೇಕು. ಬೆರಳಿಂದ ಒತ್ತಬೇಡಿ, ಕಲೆ ಬೀಳುತ್ತದೆ. ಅಂಗೈ ತುಂಬ ಹಿಡಿದು ಮೆಲ್ಲಗೆ ತಿರುಗಿಸಿದರೆ ತಾನೇ ಬರುತ್ತದೆ. ಎಲ್ಲ ಒಟ್ಟಿಗೇ ಹಣ್ಣಾಗುವುದರಿಂದ ಒಂದಷ್ಟನ್ನು ಅಮ್ಮ ಸಾಸಿವೆ ಮಾಡುತ್ತಾರೆ. ಕಾಯಿತುರಿ, ಅರ್ಧ ಚಮಚ ಸಾಸಿವೆ, ಎರಡು ಒಣಮೆಣಸು ರುಬ್ಬಿ, ಉಪ್ಪು ಬೆಲ್ಲ ಹಾಕಿ, ಹೆಚ್ಚಿದ ಹಣ್ಣಿಗೆ ಬೆರೆಸುವುದು. ಮಾವಿನ ಹಣ್ಣಿಗೆ ಮಾಡುವ ಹಾಗೇ.