ಬೂಷ್ಟು ಹಿಡಿದ ಕ್ಯಾಸೆಟ್‌ನಿಂದ ಅಪ್ಪನ ದನಿ ತೆಗೆದಿದ್ದು

ಅಪ್ಪನ ಟ್ರಂಕಿನಲ್ಲಿದ್ದ 51 ಕ್ಯಾಸೆಟ್‌ಗಳಲ್ಲಿ 43 ಈಗ ನನ್ನ ಹಾರ್ಡ್‌ಡಿಸ್ಕ್‌ನಲ್ಲಿವೆ. ಶುರು ಮಾಡಿದಾಗ "ಎಸೆದುಬಿಡು ಮಾರಾಯ, ಆ ಹಾಡೆಲ್ಲ ಯೂಟ್ಯೂಬಲ್ಲೇ ಇದೆಯಲ್ಲ" ಅಂತ ಹೇಳದವರೇ ಇಲ್ಲ. ಕಂಪ್ಯೂಟರ್‌ಗೆ ಇಳಿಸಿಕೊಡೋಕೆ ಬೆಂಗಳೂರಿನ ಒಂದು ಅಂಗಡಿಯವರು ಕ್ಯಾಸೆಟ್‌ಗೆ 500 ರೂಪಾಯಿ ಅಂದವರು, ಡಬ್ಬಿ ತೆಗೆದು ಬೂಷ್ಟು ನೋಡಿದ ಮೇಲೆ ಮುಟ್ಟಲೂ ಇಲ್ಲ. ಅವರದು ತಪ್ಪಲ್ಲ ಬಿಡಿ. ಒಂದು ಬೂಷ್ಟಿನ ಕ್ಯಾಸೆಟ್ ಅದನ್ನು ಓಡಿಸುವ ಇಡೀ ಡೆಕ್ಕನ್ನೇ ಕೆಡಿಸುತ್ತೆ.

ಹಾಡು ಯೂಟ್ಯೂಬಲ್ಲಿ ಇದೆ, ನಿಜ. ನಮ್ಮ ಮನೆ ಅಲ್ಲಿಲ್ಲ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟ್‌ನಲ್ಲಿ ಅಪ್ಪ ರೈಟ್ರಾಗಿದ್ದರು, ಅಂದರೆ ಲೆಕ್ಕ ಬರೆಯುವವರು. ಬಂಗ್ಲೆಯವರು ಹೊಸ ಸೆಟ್ ತಂದಾಗ ಸೆಲ್ ಹಾಕಿ ಓಡಿಸುವ ಹಳೇ ರೆಕಾರ್ಡ್ ಪ್ಲೇಯರನ್ನೂ ಒಂದಷ್ಟು ಇಂಗ್ಲಿಷ್ ರೆಕಾರ್ಡುಗಳನ್ನೂ ಅಪ್ಪನಿಗೆ ಕೊಟ್ಟರು. ಈಗಲ್ಸ್, ಆಬಾ, ಬೋನಿ ಎಮ್. ಅಪ್ಪನ ಇಂಗ್ಲಿಷ್ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವಷ್ಟು, ಆದರೆ ಆ ಹಾಡುಗಳ ಹುಚ್ಚು ಹತ್ತಿತು. ರೆಕಾರ್ಡ್ ಸವೆಯುತ್ತೆ ಅಂತ ಕ್ಯಾಸೆಟ್‌ಗೆ ಇಳಿಸೋಕೆ ಶುರು ಮಾಡಿದರು. ವೈರ್ ಹಾಕೋದೆಲ್ಲ ಇಲ್ಲ. ಪ್ಲೇಯರ್ ಎದುರು ಟೇಪ್‌ರೆಕಾರ್ಡರ್ ಇಟ್ಟು, ಅದರ ಮೈಕ್‌ನಲ್ಲೇ ರೆಕಾರ್ಡ್. ಹಾಗಾಗಿ ಹಾಡಿನ ಜೊತೆ ಹೆಂಚಿನ ಮೇಲಿನ ಮಳೆ, ನಾಯಿ, ಅಕ್ಕನ ಗೆಜ್ಜೆ, ಎಲ್ಲ ಸೇರಿದೆ. ಅಪ್ಪ 2003ರಲ್ಲಿ ಹೋದರು. ಅವರ ದನಿ ಇರೋದು ಈ ಕ್ಯಾಸೆಟ್‌ಗಳಲ್ಲಿ ಮಾತ್ರ.

ಮೊದಲ ಕ್ಯಾಸೆಟ್ ನನ್ನ ಕೈಯಾರೆ ಹಾಳಾಯಿತು. ಆತುರಕ್ಕೆ ನೇರ ಡೆಕ್ಕಿಗೆ ಹಾಕಿದೆ, ಅರ್ಧ ನಿಮಿಷ ಓಡಿ ಟೇಪ್ ಸುತ್ತಿಕೊಂಡು ಹರಿಯಿತು. ಸೆಲ್ಲೋಟೇಪ್‌ನಲ್ಲಿ ಅಂಟಿಸಿದೆ, ವಾರದಲ್ಲಿ ಗೋಂದು ಹೊರಗೆ ಬಂದು ಪಕ್ಕದ ಸುತ್ತುಗಳೂ ಅಂಟಿಕೊಂಡವು. ಎರಡನೆಯದನ್ನು ಒಣಗಲಿ ಅಂತ ಬಿಸಿಲಿಗಿಟ್ಟೆ, ಡಬ್ಬಿಯೇ ಸೊಟ್ಟಗಾಯಿತು. ಅಮ್ಮ ಹೇಳಿದರು ಅಂತ ನಾಲ್ಕನ್ನು ಊರಿನ ಮನೆಯ ಒಲೆ ಮೇಲಿನ ಅಟ್ಟದಲ್ಲಿ ಇಟ್ಟೆವು. ಚೆನ್ನಾಗಿ ಒಣಗಿದವು, ಅದರಲ್ಲಿ ಅನುಮಾನವಿಲ್ಲ, ಆದರೆ ಹೊಗೆಯ ಜಿಡ್ಡು ಒಳಗೆ ಕೂತು ಎರಡು ಕೆಲಸಕ್ಕೆ ಬಾರದಂತಾದವು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ನೋಡಿದ್ದೂ ಆಯಿತು. ಅಕ್ಕಿ ಧೂಳು ಹೊಕ್ಕಿತು ಅಷ್ಟೇ.

ಕೊನೆಗೆ ಕೈ ಹಿಡಿದಿದ್ದು ಸ್ಟೀಲ್ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್. ಮುಚ್ಚಳ ಭದ್ರ ಮಾಡಿ ಸುಮಾರು ಹತ್ತು ದಿನ. ಆಮೇಲೆ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕೂತು ಕ್ಯಾಸೆಟ್‌ನ ಡಬ್ಬಿ ಬಿಚ್ಚಬೇಕು. ಮನೆಯೊಳಗೆ ಖಂಡಿತ ಬೇಡ, ನನಗೆ ಎರಡು ವಾರ ಕೆಮ್ಮು ಬಿಡಲಿಲ್ಲ. ಎರಡೂ ಸುರುಳಿಯನ್ನು ಐದು ಸ್ಕ್ರೂ ಇರುವ ಬೇರೆ ಡಬ್ಬಿಗೆ ಬದಲಾಯಿಸಿ, ಮೆತ್ತನೆ ಬಟ್ಟೆಯ ನಡುವೆ ಟೇಪ್ ಹಾಯುವ ಹಾಗೆ ಮಾಡಿ, ಕೈಯಲ್ಲೇ ಆ ತುದಿಯಿಂದ ಈ ತುದಿಗೆ ಎರಡು ಸಲ ಸುತ್ತುತ್ತೇನೆ. ಬಟ್ಟೆ ಮೇಲೆ ಬಿಳೀ ಹುಡಿ ಗೆರೆಯಾಗಿ ಕೂರುತ್ತೆ, ಸ್ವಲ್ಪ ಸ್ವಲ್ಪ ಜರುಗಿಸುತ್ತಾ ಹೋಗಬೇಕು. ಒಂದು ಗಂಟೆಯ ಸಿ-60 ಆದರೆ ತಡೆಯುತ್ತೆ. ಒಂದೂವರೆ ಗಂಟೆಯ ಸಿ-90 ಟೇಪ್ ತೆಳು, ಜಗ್ಗಿದರೆ ಹಿಗ್ಗಿಬಿಡುತ್ತೆ. ಪೂರ್ತಿ ಅಂಟಿಕೊಂಡ ಪದರ ಬಿಡಿಸೋಕೆ ನನ್ನದೇ ಒಂದು ದಾರಿ ಇದೆ, ಹನ್ನೊಂದು ಕ್ಯಾಸೆಟ್ ಉಳಿದಿದ್ದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಮಾಡಿದರೆ ಕೆಡುತ್ತೆ, ಕೈಯಲ್ಲಿ ಮಾಡಿ ತೋರಿಸಬೇಕು.

ದುಡ್ಡಿನ ಲೆಕ್ಕ ಅಂದಾಜು ಹೇಳುತ್ತೇನೆ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೇ ಡೆಕ್ 1,800. ಬೆಲ್ಟ್, ರಬ್ಬರ್ ರೋಲರ್ 600. ಯುಎಸ್‌ಬಿ ಸೌಂಡ್ ಕಾರ್ಡ್ 2,200. ಟೇಪ್ ಓದುವ ಹೆಡ್ ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ 400. ಹಾಸನದ ಗುಜರಿಯಲ್ಲಿ ಆರಿಸಿ ತಂದ ಖಾಲಿ ಡಬ್ಬಿಗಳಿಗೆ ಹೆಚ್ಚೆಂದರೆ 300. ಹಾಳು ಮಾಡಿಕೊಂಡ ಇನ್ನೊಂದು ಡೆಕ್ ಸೇರಿಸಿದರೆ ಎಂಟು ಸಾವಿರ ಆಗಿರಬಹುದು. ಕಂಪ್ಯೂಟರ್‌ನಲ್ಲಿ ದನಿ ಇಳಿಸಿ ತಿದ್ದುವ ಅಡಾಸಿಟಿ ಸಾಫ್ಟ್‌ವೇರ್ ಹೇಗೂ ಬಿಟ್ಟಿ.

ಹೆಡ್ ಎಷ್ಟು ವಾಲಬೇಕು ಅಂತ ಹೊಂದಿಸುವ ಅಜಿಮತ್ ಸ್ಕ್ರೂ ಪ್ರತಿ ಕ್ಯಾಸೆಟ್‌ಗೂ ತಿರುಗಿಸಲೇಬೇಕು. ಅಪ್ಪನ ಟೇಪ್‌ರೆಕಾರ್ಡರ್ ಹೆಡ್ ಎಷ್ಟು ವಾಲಿತ್ತೋ ಅಷ್ಟಕ್ಕೇ ನಮ್ಮ ಹೆಡ್ಡೂ ವಾಲಬೇಕಲ್ವಾ? ಎಡ ಬಲದ ಸದ್ದು ಒಂದಾಗಿಸಿ ಮೋನೋ ಮಾಡಿಕೊಂಡು ಕೇಳುತ್ತಾ ಕಾಲು ಸುತ್ತಿಗೂ ಕಡಿಮೆ ತಿರುಗಿಸಿದರೆ ಮಂಕಾಗಿದ್ದ ತಾಳದ ಸದ್ದು ಥಟ್ಟನೆ ಬಿಚ್ಚಿಕೊಳ್ಳುತ್ತೆ.

ಇಷ್ಟಾದ ಮೇಲೂ ಅಪ್ಪನ ದನಿ ಅಪ್ಪನದಾಗಿರಲಿಲ್ಲ. ಯಾರೋ ದಪ್ಪ ಗಂಟಲಿನವರು ಎಳೆದೆಳೆದು ಮಾತಾಡಿದ ಹಾಗಿತ್ತು. ಅಮ್ಮ ಕೇಳಿ, "ಇದು ನಿಮ್ಮಪ್ಪ ಅಲ್ಲ ಕಣೋ" ಅಂದುಬಿಟ್ಟರು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನೋದು ಲೆಕ್ಕ. ಅಪ್ಪನ ಮೆಷಿನ್, ನನ್ನ ಡೆಕ್, ಎರಡೂ ತಮ್ಮ ತಮ್ಮ ವೇಗದಲ್ಲಿ ಓಡಿದ್ದವು. ಮೊದಲು ಕರೆಂಟಿನ ಗುಂಯ್ ಸದ್ದು ಹಿಡಿದು ಸರಿಮಾಡಲು ನೋಡಿದೆ. ಅದು 50 ಹರ್ಟ್ಜ್‌ನಲ್ಲಿ ಇರಬೇಕು. ಆದರೆ ಆಗೆಲ್ಲ ನಮ್ಮ ಕರೆಂಟ್ 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ, 49, 48ಕ್ಕೂ ಇಳಿಯುತ್ತಿತ್ತು. ಮೂರು ರಾತ್ರಿ ಹಾಳು.

ಉತ್ತರ ಹಾಡಿನಲ್ಲೇ ಇತ್ತು. ಈಗಲ್ಸ್‌ನ ಹೋಟೆಲ್ ಕ್ಯಾಲಿಫೋರ್ನಿಯಾ 1976ರ ಡಿಸೆಂಬರ್‌ನಲ್ಲಿ ಬಂದ ಆಲ್ಬಮ್‌ನಲ್ಲಿ ಆರೂವರೆ ನಿಮಿಷ ಇದೆ. ನನ್ನ ಫೈಲಿನಲ್ಲಿ ಹತ್ತಿರ ಹತ್ತಿರ 6 ನಿಮಿಷ 50 ಸೆಕೆಂಡ್ ಬರುತ್ತಿತ್ತು. ಅಂದರೆ ಶೇಕಡಾ 5ರಷ್ಟು ನಿಧಾನ. ಪೂರ್ತಿ ಹಾಡನ್ನು ಅಳೆಯಬೇಡಿ, ಕೊನೆ ಕರಗಿ ಹೋಗುವುದರಿಂದ ಮೋಸವಾಗುತ್ತೆ. ಗಾಯಕ ಹೆನ್ಲಿ ಹಾಡೋಕೆ ಬಾಯಿ ಬಿಡುವ ಜಾಗ, ಆಮೇಲೆ ಕೊನೆಯಲ್ಲಿ ಫೆಲ್ಡರ್ ಮತ್ತು ವಾಲ್ಷ್ ಗಿಟಾರ್ ಜೋಡಿ ಶುರುವಾಗುವ ಜಾಗ, ಇವೆರಡರ ನಡುವೆ ಅಳೆಯಿರಿ. ಪ್ಲೇಯರ್ ಸೆಲ್ ಮೇಲೆ ಓಡುತ್ತಿದ್ದರಿಂದ ಕರೆಂಟಿನ ಏರಿಳಿತ ಅದಕ್ಕೆ ತಟ್ಟಿರಲಿಲ್ಲ. ವೇಗ ಜಾಸ್ತಿ ಮಾಡಿ ಹಾಡನ್ನು ಅದರ ಶ್ರುತಿಗೆ ತಂದು ಕೂರಿಸಿದೆ. ಗಿಟಾರ್ ಜೋಡಿಯ ನಡುವೆ ಅಮ್ಮ ಒಳಗಿಂದ ಏನೋ ಕೂಗುತ್ತಾರೆ. ತಕ್ಷಣ ಅಪ್ಪ, "ಶ್! ರೆಕಾರ್ಡ್ ಆಗ್ತಿದೆ ಕಣೇ." ಅದೇ ದನಿ. ಮೂಗಿನಿಂದ ಸ್ವಲ್ಪ, ಕೊನೆಯಲ್ಲಿ ನಗು ತಡೆದ ಹಾಗೆ. ನಾನು ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿ ನಿಂತೆ.

ಕ್ಯಾಸೆಟ್‌ನ ಒಂದು ಬದಿಗೆ ಒಂದು ಹಾಡು ಗುರುತಾದರೆ ಸಾಕು, ಆ ಬದಿಯ ಮಾತೆಲ್ಲ ಸರಿಹೋಗುತ್ತೆ. ಆಬಾದ ಡಾನ್ಸಿಂಗ್ ಕ್ವೀನ್‌ನಿಂದ ಅಕ್ಕನ ನಗು ಸಿಕ್ಕಿತು. ಬೋನಿ ಎಮ್‌ನ ರಿವರ್ಸ್ ಆಫ್ ಬ್ಯಾಬಿಲಾನ್‌ನಿಂದ ಅಜ್ಜಿ ಸಿಕ್ಕರು. ಆ ಹಾಡು ಬೈಬಲ್ಲಿನ 137ನೇ ಕೀರ್ತನೆಯಿಂದ ಬಂದಿದ್ದು ಅಂತ ಅಜ್ಜಿಗೆ ಗೊತ್ತಿರಲಿಲ್ಲ, ಆದರೂ "ಇದು ದೇವರ ಹಾಡಿನ ಹಂಗೈತೆ" ಅಂತ ಅದರಲ್ಲೇ ಹೇಳಿದ್ದಾರೆ.

ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಮಾತ್ರ ಹಾಕಬೇಡಿ. ಹಾಡು ಮಾತ್ರ ಚೊಕ್ಕ ಬರಲಿ ಅಂತ ಒಮ್ಮೆ ಹಾಕಿದೆ, ಮಳೆ ಪೂರ್ತಿ ಮಾಯ. ಆ ಮಳೆ ಹೋದರೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ? ಆ ಫೈಲ್ ಅಳಿಸಿ ಹಾಕಿದೆ. ಹಾಡು ಮುಗಿದು ಸೂಜಿ ಎತ್ತಿದ ಮೇಲೂ ಅಪ್ಪ ಟೇಪ್ ನಿಲ್ಲಿಸೋದು ಮರೆತ ನಾಲ್ಕು ನಿಮಿಷ ಒಂದು ಕಡೆ ಇದೆ, ಬರೀ ಆಷಾಢದ ಮಳೆ. ಅದನ್ನು ಬೇರೆ ಫೈಲ್ ಮಾಡಿಟ್ಟಿದ್ದೇನೆ.

ಅಮ್ಮ ಆ ಗಿಟಾರ್ ಜಾಗ ಕೇಳಿ ನನ್ನನ್ನು ತಿದ್ದಿದರು. ನಾನು ಹಾಲು ಉಕ್ಕಿದ್ದಕ್ಕೆ ಕೂಗಿದ್ದು ಅಂದುಕೊಂಡಿದ್ದೆ. "ಹಾಲಲ್ಲ, ಅವತ್ತು ಕಳಲೆ ಬೇಯ್ತಿತ್ತು, ಸೌದೆ ತನ್ನಿ ಅಂತ ಕರೆದಿದ್ದು, ಅವರು ಬರಲೇ ಇಲ್ಲ" ಅಂದರು.

ಉಳಿದ ಎಂಟರಲ್ಲಿ ನಾಲ್ಕು ಹೋದವೇ. ಇನ್ನು ನಾಲ್ಕು ಸ್ಟೀಲ್ ಡಬ್ಬಿಯಲ್ಲಿವೆ, ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ "ಮನೆ" ಅಂತಷ್ಟೇ ಬರೆದಿದೆ. ಮಳೆಗಾಲದಲ್ಲಿ ಅವನ್ನು ಬಿಚ್ಚುವುದಿಲ್ಲ. ಜನವರಿ ಬರಲಿ.